ತಾಯಿಯ ಹೆಸರಿನ ಮೊದಲ ಅಕ್ಷರ

ನವೆಂಬರ್ 3, ಭಾನುವಾರ

ಏಳೂವರೆಗೇ ಹೋದರೂ ಸೀಟು ಸಿಗಲಿಲ್ಲ. ನಾಲ್ಕನೇ ನಂಬರ್ ಹಾಲ್. ಆರುನೂರು ಜನ ಹಿಡಿಯುವ ಜಾಗ. ಮೂರನೇ ವರ್ಷದ ಮನಶ್ಶಾಸ್ತ್ರಕ್ಕೆ ಸೇರಿದವರು ಒಂಬೈನೂರು. ಮಿಕ್ಕವರಿಗೆ ಮೆಟ್ಟಿಲು, ಕಿಟಕಿಕಟ್ಟೆ. ಡಾ. ಲಬೀಬರ ಮೈಕ್ ಮತ್ತೆ ಕೈಕೊಟ್ಟಿತು. ವಿಷಯ ಖಿನ್ನತೆ. ಒಂದೂವರೆ ಗಂಟೆ ಅವರ ತುಟಿ ನೋಡಿಕೊಂಡೇ ಬರೆದೆ. ಆಮೇಲೆ ಗೇಟಿನ ಹತ್ತಿರ ಬೇಯಿಸಿದ ಕಾಳಿನ ಫೂಲ್ ಸ್ಯಾಂಡ್‌ವಿಚ್ ತಿಂದೆ — ಎರಡು.

ಮೊದಲ ವರ್ಷ ಪುಸ್ತಕದಲ್ಲಿದ್ದ ಕಾಯಿಲೆಗಳೆಲ್ಲ ನನಗೇ ಇದ್ದವು. ಎರಡನೇ ವರ್ಷ ಮನೆಯವರಿಗೆ ಹಂಚಿದೆ. ಅಪ್ಪನಿಗೆ ಗೀಳು, ಅಕ್ಕನಿಗೆ ಆತಂಕ, ದೊಡ್ಡಪ್ಪನಿಗೆ ಎಲ್ಲವೂ. ಈಗ ಹಾಸ್ಟೆಲ್ಲಿನವರ ಸರದಿ.

ಮಧ್ಯಾಹ್ನ ಪ್ರಾಯೋಗಿಕ ತರಗತಿ. ಮೈಸಾ ಮೇಡಂ — ಅವರದೇ ಪಿಎಚ್‌ಡಿ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ — ಎಲ್ಲರಿಗೂ ಒಂದೊಂದು ಕಟ್ಟು ಫಾರಂ ಕೊಟ್ಟರು. ಹತಾಶೆಯನ್ನು ಅಳೆಯುವ ಪ್ರಶ್ನಾವಳಿ. ಇಪ್ಪತ್ತು ವಾಕ್ಯ, ಹೌದು ಅಥವಾ ಇಲ್ಲ. ಅಂಕ ಹೆಚ್ಚಾದಷ್ಟೂ ಹತಾಶೆ ಹೆಚ್ಚು. ನಲವತ್ತು ಜನರಿಂದ ತುಂಬಿಸಬೇಕು. ಎರಡು ವಾರ ಬಿಟ್ಟು ಅದೇ ಜನರಿಂದ ಮತ್ತೊಮ್ಮೆ. ಎರಡೂ ಸಲದ ಅಂಕ ಹೊಂದಿದರೆ ಪ್ರಶ್ನಾವಳಿ ನಂಬಿಕೆಗೆ ಯೋಗ್ಯ.

ಹೆಸರು ಬರೆಸುವಂತಿಲ್ಲ. ಹಾಗಾದರೆ ಮೊದಲನೆಯದು ಯಾರದು, ಎರಡನೆಯದು ಯಾರದು ಅಂತ ಜೋಡಿಸುವುದು ಹೇಗೆ? ಮೇಡಂ ಹತ್ತಿರ ಉಪಾಯವಿದೆ. ಅವರೇ ಕಂಡುಹಿಡಿದದ್ದಂತೆ.

"ಮೇಲ್ಗಡೆ ತಾಯಿ ಹೆಸರಿನ ಮೊದಲ ಅಕ್ಷರ, ಪಕ್ಕದಲ್ಲಿ ಹುಟ್ಟಿದ ತಾರೀಕು. ಅಷ್ಟೇ. ನಮ್ಮ ಹುಡುಗರು ಪ್ರಾಣ ಬೇಕಾದ್ರೂ ಕೊಡ್ತಾರೆ, ತಾಯಿ ಹೆಸರು ಮಾತ್ರ ಬಾಯಿ ಬಿಡಲ್ಲ. ಇದಕ್ಕಿಂತ ಒಳ್ಳೇ ಗುಟ್ಟು ಎಲ್ಲಿ ಸಿಗುತ್ತೆ?"

ಎಲ್ಲರೂ ನಕ್ಕೆವು. ನಿಜವೇ. ಐದನೇ ಕ್ಲಾಸಿನಲ್ಲಿ ಒಬ್ಬನ ತಾಯಿಯ ಹೆಸರು ಹೇಗೋ ಹೊರಬಿತ್ತು. ವರ್ಷವಿಡೀ ಅಂಗಳದಲ್ಲಿ ಅದನ್ನೇ ಕೂಗಿದರು. ಅವನು ಶಾಲೆಯನ್ನೇ ಬಿಟ್ಟ. ಕೂಗಿದವರಲ್ಲಿ ನಾನೂ ಇದ್ದೆ. ಈ ದಿನಚರಿ ಪುಸ್ತಕದಲ್ಲೂ ನಮ್ಮಮ್ಮನ ಹೆಸರು ಬರೆದಿಲ್ಲ, ಬರೆಯುವುದೂ ಇಲ್ಲ. ಹಾಸ್ಟೆಲ್ಲಿನ ಷಿಹಾತಾ ಕೈಗೆ ಸಿಕ್ಕಿದರೆ ನನ್ನ ಕಥೆ ಮುಗಿದ ಹಾಗೆ.

ನವೆಂಬರ್ 4, ಸೋಮವಾರ

ನಮ್ಮ ಮೂರನೇ ಮಹಡಿಯಲ್ಲೇ ನಲವತ್ತು ಜನ ಸಿಕ್ಕರು. ಬೂಟಿನ ಡಬ್ಬಿಗೆ ಸೀಳು ಮಾಡಿ ನೀರಿನ ಕೂಲರ್ ಪಕ್ಕ ಇಟ್ಟೆ. ತುಂಬಿ ಅದರೊಳಗೆ ಹಾಕಿ ಅಂದೆ.

ಷಿಹಾತಾ — ಕಾಮರ್ಸ್, ಮಹಡಿಯ ವಿದೂಷಕ, ನೂರ ಹತ್ತು ಕಿಲೊ — ಫಾರಂ ಎತ್ತಿ ಹಿಡಿದು ಕಾರಿಡಾರಿನಲ್ಲೆಲ್ಲ ಓದಿದ. "'ನನ್ನ ಮುಂದೆ ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿಲ್ಲ.' ಲೋ ಹಾಝಿಮ್, ನನ್ನ ಮುಂದೆ ನಿನ್ನ ಮುಖ ಕಾಣ್ತಿದೆ. ಇದಕ್ಕೆ ಹೌದು ಅನ್ಬೇಕಾ, ಇಲ್ಲ ಅನ್ಬೇಕಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಯ ರೂಮಿನ ಮುಹಾಬ್ ಮಾತ್ರ ನಗಲಿಲ್ಲ. ಫಾರಂ ತೆಗೆದುಕೊಂಡು ಬಾಗಿಲು ಹಾಕಿಕೊಂಡ. ಅವನ ಮೇಲೆ ಒಂದು ಕಣ್ಣಿಡಬೇಕು.

ನನ್ನ ರೂಮಿನವನು ಉವೈಸ್. ಭೂಗೋಳ, ಮೂರನೇ ವರ್ಷ. ಸೊಹಾಗ್ ಕಡೆಯವನು — ಆ ತೆಂಕಣ ಸೀಮೆಯ ಮಾತಿನ ಎಳೆತಕ್ಕೆ ಎಲ್ಲರೂ ರೇಗಿಸುತ್ತಾರೆ, ಅವನು ಬದಲಾಯಿಸಿಕೊಂಡಿಲ್ಲ. ಮಂಚದ ಮೇಲೆ ಮಲಗಿಕೊಂಡೇ ತುಂಬಿದ. ಮಧ್ಯೆ ಕೇಳಿದ, "ತಾಯಿ ಇಲ್ಲದವರು ಏನ್ ಬರೀಬೇಕಲೇ?"

ನಾಲಿಗೆ ಕಚ್ಚಿಕೊಂಡೆ. ಅವನ ತಾಯಿ ತೀರಿಕೊಂಡದ್ದು ಹೋದ ವರ್ಷ ಬೇಸಿಗೆಯಲ್ಲಿ. ಅಪ್ಪ ನಲವತ್ತು ದಿನ ಕಳೆದು ಬೇರೆ ಮದುವೆಯಾದರು. ಅಂದಿನಿಂದ ಇವನು ಊರಿಗೇ ಹೋಗಿಲ್ಲ.

"ಇಲ್ಲದಿದ್ರೇನು, ಹೆಸರು ಇರುತ್ತಲ್ಲ. ಅದನ್ನೇ ಬರಿ" ಅಂದೆ.

"ಬರೀತೀನಿ ತಗೋ" ಅಂದ.

ನವೆಂಬರ್ 8, ಶುಕ್ರವಾರ

ಅಮ್ಮನ ಪಾತ್ರೆ ಬಂತು. ಮೂರು ವಾರಕ್ಕೊಮ್ಮೆ ಊರಿನ ಮೈಕ್ರೊಬಸ್ ಡ್ರೈವರ್ ಕೈಯಲ್ಲಿ ಕಳಿಸುತ್ತಾಳೆ. ಮುಚ್ಚಳದ ಮೇಲೆ ಅಕ್ಕನ ಉಗುರುಬಣ್ಣದ ಕೆಂಪು ಚುಕ್ಕೆ, ಬೇರೆಯವರದರ ಜೊತೆ ಬೆರೆಯದಿರಲಿ ಅಂತ. ಬಾತುಕೋಳಿ, ತುಪ್ಪದ ಫಿತೀರ್ ರೊಟ್ಟಿ, ಹಳೇ ಚೀಸ್. ಉವೈಸ್ ಚೀಸಿನ ಬಾಟಲಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿಕೊಂಡ.

ಅಮ್ಮನಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ ಅವನದೇ. "ಉವೈಸ್ ತಿಂದ್ನಾ? ಕೊಡು ಅವನಿಗೆ." ಕಾಲು ಗಂಟೆ ಮಾತಾಡಿದರು. ಒಂದೇ ಒಂದು ಸಲ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ. ಅತ್ತೆ ಅಂತ ಕರೆದದ್ದಕ್ಕೆ ಅಮ್ಮ ಬೈದಿದ್ದಳು. ಅವತ್ತಿನಿಂದ ಅಮ್ಮ ಅಂತಲೇ ಕರೆಯುತ್ತಾನೆ. ಈ ಊರಿನಲ್ಲಿ ನಮ್ಮಮ್ಮನ ಹೆಸರು ಗೊತ್ತಿರುವ ಒಬ್ಬನೇ ಒಬ್ಬ ಅವನು.

ಪಾತ್ರೆ ತೊಳೆಯುವುದೂ ಅವನೇ. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸುವುದಿಲ್ಲ. ಅವನ ಟ್ರಂಕಿನಲ್ಲಿ ಒಂದು ಚೀಲ ಖರ್ಜೂರವಿದೆ. ಅವನ ತಾಯಿ ಕಡೆಯ ಸಲ ಕೀಳಿಸಿ ಒಣಗಿಸಿದ್ದು. ಪ್ರತಿ ಸಲ ಒಂದೊಂದು ಹಿಡಿ ಹಾಕಿ ಕಳಿಸುತ್ತಾನೆ.

ನವೆಂಬರ್ 13, ಬುಧವಾರ

ಮಧ್ಯಂತರ ಪರೀಕ್ಷೆಗೆ ಉರು ಹೊಡೆಯುತ್ತಿದ್ದೇನೆ. 'ಬದುಕು ಸಾಕೆನಿಸಿದವರಲ್ಲಿ ಕಾಣುವ ಏಳು ಸೂಚನೆಗಳು.' ಡಾ. ಲಬೀಬರ ಪುಸ್ತಕ, ಪುಟ 212. ಪ್ರತಿ ವರ್ಷ ಬರುವ ಪ್ರಶ್ನೆ. ಉವೈಸ್ ಪುಸ್ತಕ ಹಿಡಿದುಕೊಂಡ, ನಾನು ಗೋಡೆ ನೋಡಿಕೊಂಡು ಒಪ್ಪಿಸಿದೆ. ನಿದ್ದೆ ಕೆಡುವುದು. ಜನರಿಂದ ದೂರವಾಗುವುದು. ಇಷ್ಟದ ವಸ್ತುಗಳನ್ನು ಕೊಟ್ಟುಬಿಡುವುದು...

"ಐದನೇದು ಬಿಟ್ಟೀ" ಅಂದ.

"ಯಾವುದದು?"

"ಇದ್ದಕ್ಕಿದ್ದಂಗ ನೆಮ್ಮದಿಯಿಂದ ಕಾಣೋದು. ಬರದಾರ ನೋಡಿಲ್ಲೆ. 'ಮನೆಯವರು ಇದನ್ನು ಚೇತರಿಕೆ ಎಂದು ತಪ್ಪು ತಿಳಿಯುತ್ತಾರೆ.'"

ಮತ್ತೆ ಒಪ್ಪಿಸಿದೆ. ಮತ್ತೆ ಅದನ್ನೇ ಬಿಟ್ಟೆ.

"ನಿನ್ನ ತಲ್ಯಾಗ ಅದು ಕೂಡೂದಿಲ್ಲ ಬಿಡು" ಅಂತ ನಕ್ಕು ಪುಸ್ತಕ ಮುಚ್ಚಿದ.

ನವೆಂಬರ್ 18, ಸೋಮವಾರ

ನಿನ್ನೆ ಎರಡನೇ ಸುತ್ತು ಮುಗಿಯಿತು. ಇವತ್ತು ಲೈಬ್ರರಿಯಲ್ಲಿ ಕೂತು ಅಂಕ ಕೂಡಿದೆ. ಮೂರು, ಐದು, ಎರಡು, ಏಳು. ಎಲ್ಲ ಹುಡುಗರ ಹಾಗೆ. ಮೂವತ್ತೆರಡನೆಯ ಫಾರಂ — ಹತ್ತೊಂಬತ್ತು.

ಇಪ್ಪತ್ತಕ್ಕೆ ಹತ್ತೊಂಬತ್ತು. ತಪ್ಪು ಕೂಡಿದೆನೇನೋ ಅಂತ ಮೂರು ಸಲ ನೋಡಿದೆ. ಗುರುತು: ನೂನ್, 9. ಅಂದರೆ ಅರಬ್ಬಿಯ 'ನ' ಅಕ್ಷರದ ತಾಯಿ, ಒಂಬತ್ತನೇ ತಾರೀಕು ಹುಟ್ಟಿದವನು. ಮೊದಲ ಸಲದ ಜೋಡಿ ಹುಡುಕಿದೆ. ಆಗ ಎಂಟು ಇತ್ತು. ಎರಡು ವಾರದಲ್ಲಿ ಎಂಟರಿಂದ ಹತ್ತೊಂಬತ್ತು.

ಷಿಹಾತಾ ಥರ ತಮಾಷೆಗೆ ಎಲ್ಲದಕ್ಕೂ ಗೀಚಿದ್ದಲ್ಲ. ಪ್ರತಿಯೊಂದನ್ನೂ ಓದಿದ್ದಾನೆ. ಸರಿ ಗುರುತುಗಳೆಲ್ಲ ಒಂದೇ ಅಳತೆ, ಅಚ್ಚುಕಟ್ಟು. ಹದಿನಾಲ್ಕನೇ ವಾಕ್ಯಕ್ಕೆ ಮಾತ್ರ ಹತಾಶೆಯ ಉತ್ತರವಿಲ್ಲ. 'ನನ್ನ ದಾರಿ ಕಾಯುವವರು ಒಬ್ಬರಾದರೂ ಇದ್ದಾರೆ.' — ಹೌದು.

ನಮ್ಮಮ್ಮನದೂ ಅದೇ ಅಕ್ಷರ. ಆದರೆ ನಾನು ಹುಟ್ಟಿದ್ದು ಇಪ್ಪತ್ತೆರಡಕ್ಕೆ, ಮತ್ತು ನನ್ನ ಅಂಕ ನಾಲ್ಕು. ಈ ಮಹಡಿಯಲ್ಲಿ, ಇದೇ ಕೂಲರಿನ ನೀರು ಕುಡಿಯುವ ಯಾರೋ ಒಬ್ಬ. ಊಟಕ್ಕೆ ಹೋದಾಗ ಸಾಲಿನಲ್ಲಿ ನಿಂತ ಪ್ರತಿಯೊಬ್ಬನ ಮುಖ ನೋಡಿದೆ. ಭಯವಾಯಿತು.

ನವೆಂಬರ್ 19, ಮಂಗಳವಾರ

ಮೈಸಾ ಮೇಡಂ ಮೇಜಿನ ಮುಂದೆ ಮೂವತ್ತು ಜನರ ಸಾಲು. ನನ್ನ ಸರದಿ ಬಂದಾಗ ಫಾರಂ ತೋರಿಸಿದೆ.

"ತೆಗೆದುಬಿಡಿ" ಅಂದರು.

"ತೆಗೆದು?"

"ಇದೊಂದು ಇಟ್ಕೊಂಡ್ರೆ ನಿಮ್ಮ ಲೆಕ್ಕ ಪೂರ್ತಿ ಕೆಡುತ್ತೆ. ಮೂವತ್ತೊಂಬತ್ತು ಜನ ಇದ್ರೂ ಸಾಕು, ನಾನೇನೂ ಅನ್ನಲ್ಲ."

"ಮೇಡಂ, ಅವನು ಯಾರೋ ಒಬ್ಬ ಇದಾನಲ್ಲ."

ಪೆನ್ನು ಕೆಳಗಿಟ್ಟರು. "ನೋಡಿ ಹಾಝಿಮ್. ನಾಲ್ಕು ವರ್ಷದಿಂದ ಇದನ್ನೇ ಮಾಡಿಸ್ತಿದೀನಿ. ಪ್ರತಿ ವರ್ಷ ಒಬ್ಬರು ಬಂದು ಇದೇ ಮಾತು ಹೇಳ್ತಾರೆ. ಹೆಸರು ಕೇಳಲ್ಲ ಅಂತ ಅವರಿಗೆ ಮಾತು ಕೊಟ್ಟಿದೀವಿ. ಹುಡುಕೋ ಹಾಗಿಲ್ಲ."

"ಹೋದ ವರ್ಷದವನು ಆಮೇಲೆ ಏನಾದ ಮೇಡಂ?"

ನನ್ನ ಹಿಂದೆ ನಿಂತಿದ್ದವಳನ್ನು ಕರೆದರು.

ವಿದ್ಯಾರ್ಥಿಗಳ ಆಸ್ಪತ್ರೆಗೂ ಹೋದೆ. ಮನೋವೈದ್ಯರು ಮಂಗಳವಾರ ಮಾತ್ರ. ಇವತ್ತು ಮಂಗಳವಾರ, ಆದರೆ ರಜೆಯಲ್ಲಿದ್ದಾರೆ. ಚೀಟಿ ಬರೆಯುವವನು ರೋಗಿಯ ಹೆಸರು ಕೇಳಿದ. ಗೊತ್ತಿಲ್ಲ ಅಂದೆ. ನನ್ನನ್ನೇ ರೋಗಿ ಅಂದುಕೊಂಡು "ಕೂತ್ಕೋಪ್ಪ, ನೀರು ಕುಡಿ" ಅಂದ.

ನವೆಂಬರ್ 20, ಬುಧವಾರ

ಹುಡುಕುತ್ತೇನೆ. ಮಾತು ಕೊಟ್ಟಿದ್ದರೂ ಸರಿ.

ಹಾಸ್ಟೆಲ್ ಬಾಗಿಲಲ್ಲಿ ಕೂರುವ ಜಾಬಿರ್ ಕಾಕಾನೇ ನಮ್ಮ ಫೈಲುಗಳಿಗೂ ಯಜಮಾನ. ಫೈಲಿನಲ್ಲಿ ಜನನ ಪತ್ರ ಇರುತ್ತದೆ, ಜನನ ಪತ್ರದಲ್ಲಿ ತಾಯಿಯ ಹೆಸರು. ಅವರಿಗೆ ಚಹಾ ಮಾಡಿಕೊಟ್ಟು ಕೇಳಿದೆ. ನಮ್ಮ ಮಹಡಿಯಲ್ಲಿ ಒಂಬತ್ತಕ್ಕೆ ಹುಟ್ಟಿದವರು ಮೂವರು: ಷಿಹಾತಾ, ಮುಹಾಬ್, ನಮ್ಮ ಉವೈಸ್.

"ತಾಯಿ ಹೆಸರು ಹೇಳಿ ಕಾಕಾ."

"ನಾಚಿಕೆ ಆಗಲ್ವೇನೋ? ಹುಡುಗರ ತಾಯಂದಿರ ಹೆಸರು ಕಟ್ಕೊಂಡು ಏನ್ ಮಾಡ್ತೀಯ?"

"ಮೊದಲ ಅಕ್ಷರ ಸಾಕು."

ಹೆಬ್ಬೆರಳಿನಿಂದ ಹೆಸರು ಮುಚ್ಚಿ, ಮೊದಲ ಅಕ್ಷರ ಮಾತ್ರ ಬಿಟ್ಟು, ಮೂರು ಪತ್ರ ತೋರಿಸಿದರು. ಷಿಹಾತಾನದು ಐನ್. ಮುಹಾಬನದು ಸೀನ್. ಉವೈಸನದು ದಾಲ್, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಮೃತ'. ನೂನ್ ಯಾರದೂ ಅಲ್ಲ.

ರೂಮಿಗೆ ಬಂದು ಫಾರಂ ಕಟ್ಟು ಮತ್ತೆ ಬಿಚ್ಚಿದೆ. 9 ಬರೆದವು ಮೂರೇ ಜೋಡಿ. ಒಂದರಲ್ಲಿ ನೂನ್, ಒಂದರಲ್ಲಿ ಬಾ, ಒಂದರಲ್ಲಿ ಅಕ್ಷರವೇ ಇಲ್ಲ. ಮೂವರಲ್ಲಿ ಒಬ್ಬನೂ ನಿಜ ಬರೆದಿಲ್ಲ! ಬರೆಯುತ್ತಾರೆಯೇ ಮತ್ತೆ? ತಾಯಿಯ ಹೆಸರು ಬಾಯಿ ಬಿಡದವರು ಕಾಗದದ ಮೇಲೆ ಯಾಕೆ ಬರೆದಾರು? ಮೇಡಂ ನಾಲ್ಕು ವರ್ಷದಿಂದ ನೆಚ್ಚಿಕೊಂಡ ಗುಟ್ಟು ಇಷ್ಟೇ.

ಸರಿ. ತಾರೀಕು ಹಿಡಿದುಕೊಂಡು ಹೋಗೋಣ. ಮೂವರಲ್ಲಿ ಒಬ್ಬ. ಮುಹಾಬನೇ. ಬಾಗಿಲು ಹಾಕಿಕೊಳ್ಳುವುದು, ಒಬ್ಬನೇ ಊಟ ಮಾಡುವುದು — ಪುಸ್ತಕದಿಂದ ಎದ್ದು ಬಂದವನ ಹಾಗಿದ್ದಾನೆ.

ನವೆಂಬರ್ 22, ಶುಕ್ರವಾರ

ನಮಾಜು ಮುಗಿಸಿ ಬಂದ ಮೇಲೆ ಮುಹಾಬನ ಬಾಗಿಲು ತಟ್ಟಿದೆ. ಸೂಕ್ಷ್ಮವಾಗಿ ಮಾತು ತೆಗೆಯಬೇಕು ಅಂತ ಅಂದುಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು, "ನೀನು ಚೆನ್ನಾಗಿದೀಯ ತಾನೆ?"

ಬಾಗಿಲು ಪೂರ್ತಿ ತೆರೆದ. ಆಮೇಲೆ, "ಚ... ಚ... ಚೆನ್ನಾಗಿದೀನಿ."

ತೊದಲು. ಎರಡು ವರ್ಷದಿಂದ ಒಂದೇ ಮಹಡಿಯಲ್ಲಿದ್ದೇವೆ, ಅವನಿಗೆ ತೊದಲಿದೆ ಅಂತ ನನಗೆ ಗೊತ್ತಿರಲಿಲ್ಲ. ಜನರ ಜೊತೆ ಬೆರೆಯದಿರುವುದು ಅದಕ್ಕೆ. ಫಾರಂ ಮೇಲೆ ಅಕ್ಷರ ಬರೆದಿದ್ದೆಯಾ ಅಂದೆ. ಬರೆದಿಲ್ಲ, ಖಾಲಿ ಬಿಟ್ಟೆ ಅಂದ. ಅವನ ಅಂಕ ಆರು. ಗೋಡೆ ಮೇಲೆ ಒಬ್ಬ ಹುಡುಗಿಯ ಫೋಟೊ ಇದೆ, ಮುಂದಿನ ವರ್ಷ ಮದುವೆಯಂತೆ. ಸಿಹಿ ಗೆಣಸು ಕೊಟ್ಟ. ತಿಂದು ತಲೆ ತಗ್ಗಿಸಿ ಬಂದೆ.

ಹಾಗಾದರೆ ಷಿಹಾತಾ. ನಗುವಿನ ಹಿಂದೆ ಅಡಗುವ ಖಿನ್ನತೆ, ಪುಟ 198. ಅವನನ್ನು ಹೇಗೆ ಕೇಳುವುದು? ಕೇಳಿದರೆ ವರ್ಷವಿಡೀ ನನ್ನ ಮರ್ಯಾದೆ ಕಾರಿಡಾರಿನ ಪಾಲು.

ಉವೈಸನ ಯೋಚನೆ ಬೇಕಿಲ್ಲ. ಈ ವಾರ ಅವನು ಹೊಸ ಮನುಷ್ಯನಾಗಿದ್ದಾನೆ. ಗಡ್ಡ ತೆಗೆದ. ಇವತ್ತು ಹಾಡಿಕೊಂಡು ರೂಮು ಗುಡಿಸಿದ. ಮೂರು ತಿಂಗಳಿಂದ ಮಿಣುಕುತ್ತಿದ್ದ ನನ್ನ ಮೇಜಿನ ದೀಪ ಸರಿಮಾಡಿಕೊಟ್ಟ. ತನ್ನ ದೊಡ್ಡ ನಕಾಶೆ ಪುಸ್ತಕವನ್ನು ಮೊದಲ ವರ್ಷದವನೊಬ್ಬನಿಗೆ ಕೊಟ್ಟ. "ನಂಗೆಲ್ಲಾ ಬಾಯಿಪಾಠ ಆಗೈತಿ" ಅಂದ. ಒಂದು ವರ್ಷದ ದುಃಖ ಕೊನೆಗೂ ಇಳಿದ ಹಾಗಿದೆ. ನನಗೂ ಹಗುರವಾಯಿತು, ಒಬ್ಬನ ಚಿಂತೆಯಾದರೂ ತಪ್ಪಿತಲ್ಲ ಅಂತ.

ನವೆಂಬರ್ 24, ಭಾನುವಾರ

ವರದಿ ಒಪ್ಪಿಸಿದೆ. ಮೂವತ್ತೊಂಬತ್ತು ಜನ. ಅಂಕಗಳು ಚೆನ್ನಾಗಿ ಹೊಂದಿವೆ. ಮೇಡಂ "ಶಭಾಷ್" ಅಂತ ಬರೆದರು.

ತೆಗೆದ ಫಾರಂ ಮಡಿಸಿ ಈ ಪುಸ್ತಕದಲ್ಲಿಟ್ಟಿದ್ದೇನೆ. ನಾಳೆಯಿಂದ ಪರೀಕ್ಷೆ. ಷಿಹಾತಾನ ಹತ್ತಿರ ಪರೀಕ್ಷೆ ಮುಗಿದ ಮೇಲೆ ಮಾತಾಡುತ್ತೇನೆ. ನಾಲ್ಕು ದಿನದಲ್ಲಿ ಏನಾಗಿಬಿಡುತ್ತದೆ.

ನವೆಂಬರ್ 27, ಬುಧವಾರ

ಎರಡು ದಿನ ಬರೆಯಲಾಗಲಿಲ್ಲ. ಇವತ್ತು ಡಾ. ಲಬೀಬರ ಪತ್ರಿಕೆ. ಏಳು ಸೂಚನೆಗಳನ್ನೇ ಕೇಳಿದ್ದರು! ಏಳೂ ಬರೆದೆ. ಐದನೆಯದನ್ನೂ ಮರೆಯಲಿಲ್ಲ, ಅದನ್ನು ಬರೆಯುವಾಗ ಉವೈಸನ ದನಿ ಕಿವಿಯಲ್ಲಿತ್ತು. ಬಂದ ತಕ್ಷಣ ಹೇಳಿದೆ, ನಿನ್ನಿಂದ ಐದು ಅಂಕ ಅಂತ.

"ಹೌದೇನು? ಕೂತ್ತಲ್ಲಪಾ ತಲ್ಯಾಗ ಕೊನಿಗೂ" ಅಂದ. ಅಮ್ಮನ ಪಾತ್ರೆ ಉಜ್ಜುತ್ತಿದ್ದ. ಆಗಲೇ ತೊಳೆದ ಪಾತ್ರೆ. ಬೂದಿ ಹಾಕಿ, ನಿಂಬೆ ಸಿಪ್ಪೆ ಹಾಕಿ, ಮುಖ ಕಾಣುವ ಹಾಗೆ ಉಜ್ಜಿದ.

"ಡ್ರೈವರ್ ನಾಡಿದ್ದು ತಾನೆ ಬರೋದು?"

"ಈ ಸಲ ನಾನ ಕೊಟ್ಟು ಬರ್ತೀನಿ. ಅಮ್ಮನ್ನ ನೋಡಿ ಭಾಳ ದಿನ ಆತು."

"ನಾನೂ ಬರ್ತೀನಿ ತಡಿ, ಶುಕ್ರವಾರ ಹೋಗೋಣ."

"ನೋಡೋಣ ತಗೋ" ಅಂದ. ನನ್ನ ಕಡೆ ನೋಡಿ ನಕ್ಕ. ಅಷ್ಟು ಚೆಂದಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ನವೆಂಬರ್ 28, ಗುರುವಾರ, ಬೆಳಿಗ್ಗೆ 11:40

ಬರೆಯುತ್ತೇನೆ, ಕ್ರಮವಾಗಿ ಯೋಚಿಸಬೇಕು.

ಏಳಕ್ಕೆ ಕೊನೆಯ ಪರೀಕ್ಷೆಗೆ ಹೋದೆ. ಉವೈಸ್ ಗೋಡೆ ಕಡೆ ತಿರುಗಿ ಮಲಗಿದ್ದ. ಹನ್ನೊಂದಕ್ಕೆ ವಾಪಸು ಬರುವಾಗ ಕ್ಯಾಂಟೀನಿನಲ್ಲಿ ಷಿಹಾತಾ ಒಬ್ಬನೇ ಸಿಕ್ಕಿದ. ಧೈರ್ಯ ಮಾಡಿ ಕೇಳಿಯೇಬಿಟ್ಟೆ. ನಗಲಿಲ್ಲ ಅವನು. ಮೊದಲ ಸಲ.

"ಲೋ, ನಾನು ಬರೆದದ್ದು ಬಾ. ಬದ್ರಿಯ್ಯಾ, ನಮ್ಮನೆ ಎಮ್ಮೆ. ಎರಡು ಸಲನೂ ಎಮ್ಮೆ ಹೆಸರೇ ಹಾಕಿದೀನಿ. ಯಾಕೋ, ಏನಾಯ್ತು?"

ಹೇಳಿದೆ. ಮೂವರಲ್ಲಿ ಒಬ್ಬ ಅಂದೆ. ಮುಹಾಬ್ ಅಲ್ಲ ಅಂದೆ.

"ಮುಹಾಬ್ ಅಲ್ಲ, ನಾನಲ್ಲ. ಮೂರನೆಯವನು ಯಾರೋ?"

ಷಿಹಾತಾ ನನ್ನ ಭುಜ ಹಿಡಿದು ಅಲ್ಲಾಡಿಸಿದ. ಇಬ್ಬರೂ ಓಡಿದೆವು. ಆ ದೇಹ ಹೊತ್ತುಕೊಂಡು ಅವನು ನನಗಿಂತ ಮುಂದೆ ಓಡಿದ.

ಮಂಚದ ಹಾಸಿಗೆ ಮಡಿಸಿದೆ. ಕಂಬಳಿ ನನ್ನ ಮಂಚದ ಮೇಲೆ. ಅವನ ಫೋನ್ ದಿಂಬಿನ ಮೇಲೆ. ಟ್ರಂಕಿಗೆ ಬೀಗವಿಲ್ಲ. ಖರ್ಜೂರದ ಚೀಲ ಬರಿದು. ಪಾತ್ರೆ ಇಲ್ಲ.

ಜಾಬಿರ್ ಕಾಕಾ ಹೇಳಿದರು, "ಎಂಟಕ್ಕೇ ಹೋದ. ಪಾತ್ರೆಗೆ ಟವಲ್ ಸುತ್ಕೊಂಡಿದ್ದ. ಎಲ್ಲಿಗೋ ಅಂದ್ರೆ, ಅಮ್ಮನ ಪಾತ್ರೆ ಕೊಟ್ಟು ಬರ್ತೀನಿ ಅಂದ. ನಂಗೂ ಆಮೇಲೆ ಹೊಳೀತು. ಫೈಲಲ್ಲಿ ಅವನ ತಾಯಿ ತೀರ್ಕೊಂಡಿದಾಳೆ ಅಂತಿದೆಯಲ್ಲ. ಮತ್ಯಾವ ಅಮ್ಮನೋ?"

ಯಾವ ಅಮ್ಮ.

ನೂನ್.

ನಮ್ಮಮ್ಮನ ಹೆಸರು ನಫೀಸಾ. ಈ ಪುಸ್ತಕದಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಅವನು ಬರೆದದ್ದು ಇದನ್ನೇ. ಸುಳ್ಳು ಬರೆದಿರಲಿಲ್ಲ ಅವನು. ನನ್ನ ಕೈಗೇ ಬರುವ ಕಾಗದದ ಮೇಲೆ, ನನಗೊಬ್ಬನಿಗೇ ಗೊತ್ತಾಗುವ ಅಕ್ಷರ. ನಾನು ನೋಡಲಿ ಅಂತಲೇ ಬರೆದಿದ್ದನೇ? ಹತ್ತು ದಿನ ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡು, ಅವನ ಪಕ್ಕದ ಮಂಚದಲ್ಲೇ ಮಲಗಿದ್ದೆ.

ಅಬ್ಬೂದ್ ನಿಲ್ದಾಣ, 12:50

ನಮ್ಮೂರಿನ ಮೈಕ್ರೊಬಸ್ ತುಂಬಿಲ್ಲ. ಎರಡು ಸೀಟು ಖಾಲಿ. ಅವು ತುಂಬದೆ ಡ್ರೈವರ್ ಹೊರಡುವುದಿಲ್ಲ. ಖಾಲಿ ಸೀಟಿನದೂ ನಾನೇ ಕೊಡ್ತೀನಿ ಅಂದೆ. ಷಿಹಾತಾ ಅವನ ಕುತ್ತಿಗೆ ಪಟ್ಟಿಗೇ ಕೈಹಾಕಿದ. ಹೊರಟ.

ಅಮ್ಮ ಫೋನ್ ಎತ್ತುತ್ತಿಲ್ಲ. ನಾಲ್ಕು ಸಲ ಆಯಿತು. ಅಪ್ಪ ಹೊಲದಲ್ಲಿ, ಅಕ್ಕ ಗಂಡನ ಮನೆಯಲ್ಲಿ. ಅಮ್ಮ ಒಲೆ ಮುಂದೆ ಕೂತರೆ ಫೋನ್ ಕೇಳಿಸುವುದಿಲ್ಲ. ಒಲೆ ಮುಂದೆ ಇದ್ದಾಳೆ ಅಂದರೆ ಅವನು ಬಂದಿದ್ದಾನೆ. ಅವನಿಗೆ ಅಡುಗೆ ಮಾಡುತ್ತಿದ್ದಾಳೆ. ಹಾಗೇ ಇರಲಿ ದೇವರೇ.

ಹದಿನಾಲ್ಕನೇ ವಾಕ್ಯ. ದಾರಿ ಕಾಯುವವರು ಒಬ್ಬರಾದರೂ ಇದ್ದಾರೆ — ಹೌದು. ಅದೊಂದೇ ಅವನ ಕೈಯಲ್ಲಿ ಉಳಿದದ್ದು. ಆ ಪಾತ್ರೆಯನ್ನೂ ವಾಪಸು ಕೊಡಲು ಹೋಗಿದ್ದಾನೆ.

1:35

ಎತ್ತಿದಳು.

"ಏನೋ ಹಾಝಿಮ್, ಉವೈಸ್ ಜೊತೆ ನೀನ್ಯಾಕೋ ಬರ್ಲಿಲ್ಲ? ಪಾತ್ರೆ ತುಂಬ ಖರ್ಜೂರ ತಂದಿದಾನೆ ಕಣೋ ಹುಡುಗ. ಇಷ್ಟೊಂದು ಯಾಕಪ್ಪಾ ಅಂದ್ರೆ, ಎಲ್ಲಾ ನಿಂಗೇ ಅಮ್ಮ ಅಂದ."

"ಎಲ್ಲಿದಾನೆ?"

"ಈಗ ತಾನೆ ಎದ್ದು ಹೋದ. ಊಟಕ್ಕೆ ಕೂತ್ಕೋ ಅಂದೆ. ಆಮೇಲೆ ಅಂತ ನನ್ನ ಕೈಗೆ ಮುತ್ತಿಟ್ಟು ಹೋದ. ನದಿ ಕಡೆ ಒಂದು ಸುತ್ತು ಹೋಗಿ ಬರ್ತೀನಿ ಅಂದ."

ನಾನು ಮಾತಾಡುವ ಮೊದಲೇ ಅವಳೇ ಮುಂದುವರಿಸಿದಳು.

"ಅವತ್ತೂ ಹೀಗೇ ಏನೋ ಕೇಳಿದ್ದ ಕಣೋ. ಈ ತಿಂಗಳ ಮೊದ್ಲಲ್ಲೇ, ಫೋನ್ ಮಾಡಿ. ಯಾವುದೋ ಕಾಗದದಲ್ಲಿ ತಾಯಿ ಹೆಸರಿಂದು ಅಕ್ಷರ ಹಾಕ್ಬೇಕಂತೆ, ನಿಂದು ಹಾಕ್ಲಾ ಅಮ್ಮ ಅಂದ. ಹಾಕ್ಕೋ ಮಗನೇ, ಅದಕ್ಕೇನು ಕೇಳ್ತೀಯಾ ಅಂದೆ. ಅತ್ತುಬಿಟ್ಟ ಕಣೋ. ಯಾಕೋ? ತಪ್ಪಾಯ್ತಾ?"

"ಅಮ್ಮ. ಒಲೆ ಬಿಡು. ಈಗಲೇ ನದಿ ಕಡೆ ಓಡು. ಅವನನ್ನ ಒಬ್ಬನೇ ಬಿಡಬೇಡ. ಸಿಕ್ಕಿದರೆ ಕೈ ಹಿಡ್ಕೋ, ನಾನು ಬರೋವರೆಗೂ ಬಿಡಬೇಡ."

ಏಕೆ ಅಂತ ಕೇಳಲಿಲ್ಲ. ಅಮ್ಮಂದಿರಿಗೆ ಹೇಗೆ ಗೊತ್ತಾಗುತ್ತದೋ. ಪಾತ್ರೆ ಉರುಳಿದ ಸದ್ದು. ಬಾಗಿಲ ಸದ್ದು. ಫೋನ್ ಅವಳ ಕೈಯಲ್ಲೇ ಇದೆ, ಇಟ್ಟಿಲ್ಲ. ಅವಳ ಚಪ್ಪಲಿ ಸದ್ದು ಕೇಳಿಸುತ್ತಿದೆ.

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಿದ್ದೇನೆ. ಬರೆಯದಿದ್ದರೆ ಕಿರುಚುತ್ತೇನೆ. ಷಿಹಾತಾ ಪಕ್ಕದಲ್ಲಿ ಕುರಾನಿನ ಸಾಲು ಹೇಳುತ್ತಿದ್ದಾನೆ, ತಪ್ಪು ತಪ್ಪಾಗಿ. ಇನ್ನೂ ಅರ್ಧ ಗಂಟೆ ದಾರಿ.

1:42

ಬಾಗಿಲು ದಾಟಿದರೆ ದನಿ ತಗ್ಗಿಸುವವಳು ಅಮ್ಮ. ಬೀದಿಯಲ್ಲಿ ನನ್ನನ್ನು ಕೂಡ ಕೂಗಿ ಕರೆದವಳಲ್ಲ. ಈಗ ಕೂಗುತ್ತಿದ್ದಾಳೆ.

"ಉವೈಸ್! ಲೋ ಉವೈಸ್!"

ಯಾರೋ ಗಂಡಸರು ಏನಾಯ್ತಮ್ಮಾ ಅಂತ ಕೇಳಿದರು. ನಿಲ್ಲಲಿಲ್ಲ.

"ಉವೈಸ್! ನಾನು ಕಣೋ, ನಫೀಸಾ! ನಿನ್ನಮ್ಮ, ನಫೀಸಾ! ತಿರುಗಿ ನೋಡೋ ಮಗನೇ!"

ಇಡೀ ಊರಿಗೆ ಕೇಳಿಸುವ ಹಾಗೆ. ತನ್ನ ಹೆಸರನ್ನು, ಬೀದಿಯಲ್ಲಿ, ತಾನೇ. ನಫೀಸಾ, ನಫೀಸಾ. ಕೂಗಲಿ. ಇನ್ನೂ ಜೋರಾಗಿ ಕೂಗಲಿ. ನನ್ನ ಕಣ್ಣಿಗೆ ಕಾಗದ ಕಾಣುತ್ತಿಲ್ಲ.

ಕೂಗು ನಿಂತಿತು. ಗಾಳಿ. ಅಮ್ಮನ ಏದುಸಿರು. ಅದರ ಹಿಂದೆ ಇನ್ನೊಂದು ದನಿ, ಗಂಡು ದನಿ, ತುಂಬ ಸಣ್ಣಗೆ — ಅವನದೋ, ದಂಡೆಯಲ್ಲಿದ್ದ ಬೇರೆ ಯಾರದೋ. ನಾನು ಫೋನಿಗೆ ಕೂಗುತ್ತಿದ್ದೇನೆ, ಅಮ್ಮಾ, ಯಾರದು, ಯಾರು ಮಾತಾಡ್ತಾ